ಅಡಗಳದ ಕೊಡ

ಗುರುಶಾಂತ ಆ ಕೊಡವನ್ನು ಒಡೆದದ್ದು ತನ್ನ ಕೈಯಾರೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಆಮೇಲೆ ಅವನು ಈ ತಪ್ಪನ್ನು ಯಾರ್ಯಾರ ತಲೆಗೆ ಕಟ್ಟಲು ನೋಡಿದ ಎಂಬುದನ್ನು ಕೇಳಿದರೆ ನಿಮಗೂ ಒಂದು ಗಳಿಗೆ ಪಾಪ ಎನ್ನಿಸಬಹುದು. ಮಗನ ತಲೆಗೆ ಕಟ್ಟಿ ನೋಡಿದ, ಸೊಸೆಯ ತಲೆಗೆ ಕಟ್ಟಿ ನೋಡಿದ, ಬಾಗಿಲಲ್ಲಿ ನಿಂತಿದ್ದ ಟೆಂಪೊದ ತಲೆಗೂ ಕಟ್ಟಿ ನೋಡಿದ. ಒಂದೂ ನಿಲ್ಲಲಿಲ್ಲ.

ಗಡಿಯಂಚಿನ ನಿಲಂಗಾದ ಪೇಟೆಯಲ್ಲಿ ಅವರದು ಮೂರು ತಲೆಮಾರಿನ ಪಾತ್ರೆ ಅಂಗಡಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ಅಂಗಡಿಯಲ್ಲಿ ಗಿರಾಕಿ ಯಾವ ಭಾಷೆಯಲ್ಲಿ ಬಾಯಿ ತೆರೆಯುತ್ತಾರೋ ಆ ಭಾಷೆ. ಹಳೆಯ ತಾಮ್ರ, ಹಿತ್ತಾಳೆ ತಂದು ಹಾಕಿ, ಅದರ ಬದಲಿಗೆ ಹೊಸ ಪಾತ್ರೆ ಒಯ್ಯುವುದು ಈ ಸೀಮೆಯಲ್ಲಿ ಎಲ್ಲ ಕಡೆಯೂ ಇರುವ ಪದ್ಧತಿ. ಹಾಗೆ ಬಂದ ಹಳೆಯದನ್ನು ಮೋಡೀತ ಎನ್ನುತ್ತಾರೆ. ಮೋಡೀತಕ್ಕೆ ಬಿದ್ದದ್ದನ್ನು ಅಂಗಡಿಯವರು ಸುತ್ತಿಗೆಯಿಂದ ಒಡೆದು, ಚಪ್ಪಟೆ ಮಾಡಿ, ಚೀಲಕ್ಕೆ ತುಂಬಿ, ಕರಗಿಸುವ ಭಟ್ಟಿಗೆ ಕಳಿಸುತ್ತಾರೆ. ಅಲ್ಲಿಗೆ ಅದರ ಕಥೆ ಮುಗಿಯಿತು.

ಆದರೆ ಗುರುಶಾಂತನ ಅಪ್ಪ ಶಿವರಾಯಪ್ಪನವರ ಕಾಲದಲ್ಲಿ ಈ ಅಂಗಡಿಯಲ್ಲಿ ಇನ್ನೊಂದು ಮಾತು ಓಡಾಡುತ್ತಿತ್ತು. ಅಡಗಳ. ಮಾತೇನೋ ಮರಾಠಿಯದು, ಆದರೆ ಗಡಿಯ ಈಚೆಯವರು ಆಚೆಯವರು ಇಬ್ಬರೂ ಆಡಿ ಆಡಿ ಈಗ ಅದು ಯಾರದೆಂದು ಕೇಳುವಂತಿಲ್ಲ. ಅಟ್ಟದ ಮೇಲೆ, ಮಂಚದ ಕೆಳಗೆ, ಹಿತ್ತಿಲ ಕೋಣೆಯ ಮೂಲೆಯಲ್ಲಿ ಬಳಕೆ ತಪ್ಪಿ ಕೂತಿರುತ್ತವಲ್ಲ, ಮಕ್ಕಳು ದೊಡ್ಡವರಾದ ಮೇಲಿನ ತೊಟ್ಟಿಲು, ಕೈ ಮುರಿದ ಕುರ್ಚಿ, ಅಜ್ಜಿಯ ಬೀಸುಕಲ್ಲು, ಅವೆಲ್ಲ ಅಡಗಳ. ಶಿವರಾಯಪ್ಪನವರ ಕಾನೂನು ಏನೆಂದರೆ, ಹೆಸರು ಕೊರೆದ ಪಾತ್ರೆ ಮೋಡೀತಕ್ಕೆ ಬಂದರೆ ಅದು ಆ ದಿನವೇ ಮೋಡೀತವಾಗುವುದಿಲ್ಲ. ಅದು ಅಡಗಳ. ಹಿಂದಿನ ಕೋಣೆಯ ಹಲಗೆಯ ಮೇಲೆ ಇಡಬೇಕು, ಒಂದು ಅಮಾವಾಸ್ಯೆ ದಾಟಬೇಕು. ಅಷ್ಟರೊಳಗೆ ಮನೆಯವರು ಯಾರಾದರೂ ಬಂದು ಕೇಳಿದರೆ ಮರುಮಾತಿಲ್ಲದೆ ವಾಪಸ್ ಕೊಡಬೇಕು.

“ಅಡಗಳ ಅಂದ್ರ ಬಳಕಿ ತಪ್ಪಿದ್ದು, ಅಷ್ಟೇ,” ಎನ್ನುತ್ತಿದ್ದರು ಶಿವರಾಯಪ್ಪ. “ಅದಕ್ಕ ಇನ್ನಾ ಯಾರೋ ಇರ್ತಾರ. ಮೋಡೀತಕ್ಕ ಯಾರೂ ಇರಂಗಿಲ್ಲ. ಎರಡೂ ಒಂದೇ ಅಂತ ತಿಳದು ಸುತ್ತಿಗಿ ಎತ್ತಬ್ಯಾಡ ತಮ್ಮಾ.”

ಬಂದು ಕೇಳುವವರು ನೂರಕ್ಕೆ ಐದು ಮಂದಿಯೂ ಇರಲಿಲ್ಲ. ಆದರೂ ಇಡುತ್ತಿದ್ದರು. ಆ ಐದು ಮಂದಿ ಬಂದು ಕಣ್ಣೊರೆಸಿಕೊಂಡು ಪಾತ್ರೆ ಎದೆಗವಚಿಕೊಂಡು ಹೋಗುವುದನ್ನು ಗುರುಶಾಂತ ಹುಡುಗನಿದ್ದಾಗಿನಿಂದ ನೋಡಿದ್ದಾನೆ. ಗೊತ್ತಿಲ್ಲದವನಲ್ಲ ಅವನು. ಅದೇ ಅಲ್ಲವೇ ಇಲ್ಲಿಯ ಮಾತು.

ಶಿವರಾಯಪ್ಪನವರು ಹೋಗಿ ಇಪ್ಪತ್ತು ವರ್ಷವಾಯಿತು. ಈಗ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವನು ಗುರುಶಾಂತನ ಮಗ ವೈಭವ, ಕಂಪ್ಯೂಟರಿನಲ್ಲಿ ಬಿಲ್ಲು ಹೊಡೆಯುವವಳು ಸೊಸೆ ಪ್ರಾಜಕ್ತಾ. ಇಬ್ಬರೂ ಒಳ್ಳೆಯವರು, ಚುರುಕಿನವರು, ಅಪ್ಪನನ್ನು ಮೂಲೆಗೆ ಕೂರಿಸಿದವರಲ್ಲ. ಬಿಲ್ಲಿನಲ್ಲಿ ಹೊಸದಕ್ಕೆ ಒಂದು ಸಾಲು, ಮೋಡೀತಕ್ಕೆ ಒಂದು ಸಾಲು. ಅಡಗಳಕ್ಕೆ ಸಾಲಿಲ್ಲ. ಹಿಂದಿನ ಕೋಣೆಯ ಹಲಗೆಯ ಮೇಲೆ ಮಿಕ್ಸರಿನ ಡಬ್ಬಿಗಳು ಬಂದವು, ನಾನ್‌ಸ್ಟಿಕ್ ತವೆಗಳು ಬಂದವು. ಯಾರೂ ಆ ಪದ್ಧತಿಯನ್ನು ಬೇಡವೆಂದು ನಿಲ್ಲಿಸಲಿಲ್ಲ. ಆಡುವುದು ಕಡಿಮೆಯಾಯಿತು, ಇಡುವುದೂ ಕಡಿಮೆಯಾಯಿತು, ಅಷ್ಟೇ.

ದೀಪಾವಳಿಗೆ ಒಂಬತ್ತು ದಿನ ಇತ್ತು. ಮಂಗಳವಾರ. ಹಬ್ಬದ ಮುಂಚಿನ ಸ್ವಚ್ಛತೆಯ ದಿನಗಳಲ್ಲಿ ಊರೂರಿನ ಅಟ್ಟಗಳೆಲ್ಲ ಇಳಿದು ಪಾತ್ರೆ ಅಂಗಡಿಗೆ ಬರುತ್ತವೆ. ಸಾಸ್ತೂರಿನಿಂದ ಸಾರಿಕಾ ಎನ್ನುವ ಹೆಣ್ಣುಮಗಳು, ಮೂವತ್ತರ ಆಸುಪಾಸಿನವಳು, ಗೋಣಿಚೀಲದಲ್ಲಿ ಎರಡು ಹಿತ್ತಾಳೆಯ ಪರಾತ, ನಾಲ್ಕು ತಂಬಿಗೆ, ಒಂದು ತಾಮ್ರದ ಕೊಡ ತಂದು ಸುರಿದಳು. ಅವಳಿಗೆ ನಳ ಇರುವ ಸ್ಟೀಲಿನ ನೀರಿನ ಟಾಕಿ ಬೇಕಿತ್ತು. ವೈಭವ ತೂಗಿದ, ಪ್ರಾಜಕ್ತಾ ಬಿಲ್ಲು ಮಾಡಿದಳು, ಸಾರಿಕಾ ಟಾಕಿಯನ್ನು ಆಟೋದಲ್ಲಿ ಹಾಕಿಕೊಂಡು ಖುಷಿಯಿಂದ ಹೋದಳು. ಗುರುಶಾಂತ ಒಡೆಯಲು ಕೂತ. ಒಡೆಯುವ ಕೆಲಸ ಈಗಲೂ ಅವನದೇ.

ಕೊಡವನ್ನು ಕಾಲ ನಡುವೆ ಹಿಡಿದು ತಿರುಗಿಸಿದಾಗ ಭುಜದ ಮೇಲೆ ಅಕ್ಷರ ಕಂಡವು. ಚುಕ್ಕೆ ಚುಕ್ಕೆಯಾಗಿ ಉಳಿಯಿಂದ ಕೊರೆದದ್ದು, ಮರಾಠಿ ಅಕ್ಷರ: ಚಿ. ಸೌ. ಕಾಂ. ಸುಗಂಧಾ, ಸಾಸ್ತೂರ. ಕೊಡದ ಹೊಟ್ಟೆಗೆ ಒಂದು ಕಡೆ ಅಂಗೈಯಷ್ಟು ನೆಗ್ಗು. ಕೊರೆದ ಕೈ ಯಾರದೆಂದು ಅವನಿಗೆ ಥಟ್ಟನೆ ಗೊತ್ತಾಯಿತು. ತನ್ನದೇ. ಪ್ರಾಯದಲ್ಲಿ ಅವನು ಅಂಗಡಿಯ ಹೊರಗೆ ಕೂತು ದಿನಕ್ಕೆ ಐವತ್ತು ಹೆಸರು ಕೊರೆಯುತ್ತಿದ್ದ. ಈ ಸುಗಂಧಾ ಯಾರೆಂದು ನೆನಪಾಗಲಿಲ್ಲ. ಆದರೆ ಹೆಸರಿನ ಮುಂದೆ ಹಾಗೆ ಬರೆಸುವುದು ಮದುವೆಗೆ ನಿಂತ ಹುಡುಗಿಗೆ ಮಾತ್ರ.

“ಇದು ಅಡಗಳದಾಗ ಇಡೋದು,” ಎಂದ, ತನಗೆ ತಾನೇ ಎಂಬಂತೆ. ಎಷ್ಟೋ ವರ್ಷದ ಮೇಲೆ ಆ ಮಾತು ಅವನ ಬಾಯಿಗೆ ಬಂದಿತ್ತು.

ಪ್ರಾಜಕ್ತಾ ಕಂಪ್ಯೂಟರಿನಿಂದ ತಲೆ ಎತ್ತಿ ನಕ್ಕಳು. “ಮಾಮಾ, ನಮ್ಮ ಅಂಗಡ್ಯಾಗ ಈಗ ಅಡಗಳ ಅಂದ್ರ ನೀವೊಬ್ರೇ ಉಳದೀರಿ ನೋಡ್ರಿ!”

ಅದು ಚೇಷ್ಟೆ. ಮನೆಯಲ್ಲಿ ದಿನಾ ನಡೆಯುವಂಥದು. ಅವನೂ ಅವಳನ್ನು ಹತ್ತು ಮಾತಾಡಿ ಛೇಡಿಸುತ್ತಾನೆ. ಆದರೆ ಆ ಹೊತ್ತಿಗೆ ಅಂಗಡಿ ತುಂಬ ಗಿರಾಕಿಗಳು. ಒಬ್ಬ ಹೆಂಗಸು ಸೆರಗು ಬಾಯಿಗೆ ಹಿಡಿದು ನಕ್ಕಳು, ಮೋಡೀತ ಒಯ್ಯಲು ಬಂದಿದ್ದ ಟೆಂಪೊದ ಡ್ರೈವರ್ ಹೋ ಎಂದು ನಕ್ಕ. ಗುರುಶಾಂತನೂ ನಕ್ಕ. ನಗುತ್ತಲೇ ಕಿವಿ ಬಿಸಿಯಾಯಿತು.

“ಇಡೂದಿದ್ರ ಇಡು ಅಪ್ಪಾ,” ಎಂದ ವೈಭವ. “ಟೆಂಪೊ ಉದಗೀರಕ್ಕ ಹೋಗ್ಲಿಕ್ಕ ಇನ್ನಾ ಒಂದು ತಾಸು ಅದ.”

ನೋಡಿ, ಮಗ ಹೇಳಿದ್ದಾನೆ ಇಡು ಅಂತ. ಸಮಯವೂ ಇತ್ತು, ಜಾಗವೂ ಇತ್ತು. ಎದ್ದು ನಾಲ್ಕು ಹೆಜ್ಜೆ ನಡೆದು ಒಂದು ಮಿಕ್ಸರಿನ ಡಬ್ಬಿ ಆಚೆ ಸರಿಸಿದ್ದರೆ ಆಗುತ್ತಿತ್ತು. ಆದರೆ ಗುರುಶಾಂತನಿಗೆ ಆ ನಾಲ್ಕು ಹೆಜ್ಜೆ ಅಷ್ಟು ಜನರ ಕಣ್ಣ ಮುಂದೆ ನಡೆಯುವುದು ಬೇಡವಾಗಿತ್ತು. ತಾನು ಹಳೆಯ ಕಾಲದವನಲ್ಲ ಎಂದು ತೋರಿಸಬೇಕಿತ್ತು. ಯಾರಿಗೆ? ಟೆಂಪೊ ಡ್ರೈವರನಿಗೆ!

“ಏ, ಯಾವ ಕಾಲದ್ದು ಬಿಡು ಅದು,” ಎಂದು ಸುತ್ತಿಗೆ ಎತ್ತಿದ. ಮೊದಲನೇ ಏಟು ಹೆಸರಿನ ಮೇಲೆ ಬಿತ್ತು. ಬಿತ್ತು ಎನ್ನುವುದೂ ಸುಳ್ಳು. ಅಲ್ಲಿಗೇ ಹಾಕಿದ, ಹೆಸರು ಮತ್ತೆ ಕಣ್ಣಿಗೆ ಕಾಣದಿರಲಿ ಎಂದು. ಇನ್ನೆರಡು ಏಟಿಗೆ ಕೊಡ ಚಪ್ಪಟೆಯಾಯಿತು.

ಶುಕ್ರವಾರ ಮಧ್ಯಾಹ್ನ ಒಬ್ಬ ಮುದುಕಿ ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ಎಪ್ಪತ್ತು ದಾಟಿದವಳು, ಹಣೆಯ ಮೇಲೆ ವಿಭೂತಿ, ಕಣ್ಣಿಗೆ ಆಪರೇಷನ್ ಆದವರಿಗೆ ಕೊಡುವ ಕರಿ ಕನ್ನಡಕ. ಹಿಂದೆ ಸಾರಿಕಾ. ಅವಳು ಒಳಗೆ ಬರಲಿಲ್ಲ. ಕಟ್ಟೆಯ ಮೇಲೆ ಮುಖ ತಿರುಗಿಸಿ ಕೂತಳು. ಅತ್ತು ಅತ್ತು ಅವಳ ಮುಖ ಊದಿತ್ತು.

“ನಾ ಸಾಸ್ತೂರದ ಪ್ರಯಾಗಬಾಯಿ, ಸಾವಕಾರ್ರೆ,” ಎಂದಳು ಮುದುಕಿ, ನಿಂತೇ. “ನಿಮ್ಮ ಅಪ್ಪನ ಕಾಲದಿಂದ ನಮ್ಮ ಮನಿ ಭಾಂಡಿ ಎಲ್ಲಾ ಇಲ್ಲಿದೇ. ನಮ್ಮ ಸ್ವಸಿ ಮಂಗಳವಾರ ಒಂದು ತಾಂಬ್ರದ ಕೊಡ ಹಾಕ್ಯಾಳ. ಅದು ವಾಪಸ್ ಬೇಕಾಗ್ಯದರೀ.”

ಗುರುಶಾಂತ ಸ್ಟೂಲು ಮುಂದಕ್ಕೆ ಸರಿಸಿದ. “ಕೂಡ್ರಿ ಮಾವಶಿ,” ಎಂದ.

ಅವಳು ಕೂತಳು. ಕೂತು, ಯಾರೂ ಕೇಳದೆಯೇ ಎಲ್ಲ ಹೇಳಿದಳು. “ಆ ಕೊಡದ ಮ್ಯಾಲ ಹೆಸರು ನೀವೇ ಬರ್ದಿದ್ರಿ ಅಪ್ಪಾ. ಇಲ್ಲೇ ಕಟ್ಟಿಮ್ಯಾಲ ಕೂತು. ಸುಗಂಧಾ ನನ್ನ ಮಗಳು. ನಿಮ್ಮ ಬಾಜೂಕ ನಿಂತು, ಅಕ್ಷರ ಜರಾ ದೊಡ್ಡದು ಬರೀರಿ ಅಂತ ಹಟಾ ಮಾಡಿದ್ಳು. ದೀಪಾವಳಿ ಆದ ಮ್ಯಾಲ ಲಗ್ನ ಇತ್ತು. ಅದೇ ಭೂಕಂಪದ ವರ್ಷ.”

ಮುಂದೆ ಹೇಳಬೇಕಾಗಿರಲಿಲ್ಲ. ತೊಂಬತ್ತಮೂರರ ಆ ಬೆಳಗಿನ ಜಾವ ಸಾಸ್ತೂರಿನಲ್ಲಿ ಏನಾಯಿತೆಂದು ಈ ಭಾಗದಲ್ಲಿ ಯಾರಿಗೂ ಯಾರೂ ಹೇಳುವುದಿಲ್ಲ. ಕಲ್ಲು ಮಣ್ಣಿನ ಮನೆಗಳು, ದಪ್ಪ ಮಾಳಿಗೆಗಳು, ಒಳಗೆ ಮಲಗಿದ್ದ ಜನ.

“ಆಕಿ ಹ್ವಾದಳು. ಕೊಡ ಸಿಕ್ತು,” ಎಂದಳು ಪ್ರಯಾಗಬಾಯಿ. “ಫೋಟೊ ಇಲ್ಲ, ಸೀರಿ ಇಲ್ಲ, ಆಕಿ ಸಾಲಿಗೂ ಹೋಗಿದ್ದಿಲ್ಲ. ಆಕಿ ಹೆಸರು ಬರದದ್ದು ಎರಡ ಕಡೆ ಅಷ್ಟೇ ಸಾವಕಾರ್ರೆ. ಒಂದು ಸರಕಾರದವರ ಸತ್ತವರ ಯಾದ್ಯಾಗ. ಇನ್ನೊಂದು ಈ ಕೊಡದ ಮ್ಯಾಲ.”

ಇಪ್ಪತ್ತೆಂಟು ವರ್ಷ ಅದೇ ಕೊಡದಲ್ಲಿ ನೀರು ಹೊತ್ತಿದ್ದಳಂತೆ. ಮನೆಗೆ ನಳ ಬಂತು, ಮೊಣಕಾಲು ಹೋದವು, ಕೊಡ ಅಟ್ಟಕ್ಕೆ ಏರಿತು. ಹೋದ ಭಾನುವಾರ ಮಗ ಅವಳನ್ನು ಕಣ್ಣಿನ ಆಪರೇಷನ್ನಿಗೆ ಉದಗೀರಕ್ಕೆ ಕರೆದುಕೊಂಡು ಹೋಗಿದ್ದ. ಗುರುವಾರ ವಾಪಸ್ ಬಂದು ನೋಡಿದರೆ ಅಟ್ಟ ಖಾಲಿ.

“ಸ್ವಸಿದು ತಪ್ಪಿಲ್ಲರೀ,” ಎಂದಳು, ಕಟ್ಟೆಯ ಕಡೆ ಧ್ವನಿ ತಗ್ಗಿಸಿ. “ಮನ್ಯಾಗ ಆ ಮಾತ ಯಾರೂ ತೆಗೀತಿದ್ದಿಲ್ಲ. ಆಕಿಗೆ ಹೇಳಿದವರ್ಯಾರು? ಇದೇನು ಕೊಡ ಅಂತ ಒಮ್ಮಿ ಕೇಳಿದ್ಳು. ಅಡಗಳ ಅದ ಬಿಡವ್ವಾ ಅಂದೆ ನಾ. ನಮ್ಮ ಬಾಯಾಗ ಅಡಗಳ ಅಂದ್ರ ಇಟ್ಟುಕೊಳ್ಳೋದು. ಈಗಿನ ಹುಡುಗೀರ ಕಿವ್ಯಾಗ ಅದು ತೆಗದು ಹಾಕೋದು ಅಂತ ಬೀಳ್ತದ. ಪಾಪ, ಹಬ್ಬದಾಗ ಮನಿ ಚಲೋ ಕಾಣ್ಲಿ ಅಂತ ಹಾಕ್ಯಾಳ. ನಿನ್ನಿಂದ ಬಾಯಿಗೆ ತುತ್ತು ಇಟ್ಟಿಲ್ಲ.”

ಗುರುಶಾಂತ ಬಾಯಿ ತೆರೆದ. ಒಡೆದೀನಿ ಮಾವಶಿ, ತಪ್ಪಾಗ್ಯದ. ಮೂರೇ ಮಾತು. ಅಷ್ಟರಲ್ಲಿ ಅವಳೇ ಅಂದಳು: “ನಿಮ್ಮ ಅಪ್ಪ ಹೆಸರಿಂದು ಬಂದ್ರ ಅಮಾಸಿ ತನಕ ಇಡ್ತಿದ್ರು. ಅಮಾಸಿಗೆ ಇನ್ನಾ ಆರು ದಿನ ಅದ. ಅದಕ್ಕೇ ನಾ ಹೆದರಿಲ್ಲ.”

ಆ ಮಾತಿಗೆ ನಾಲಿಗೆ ಹೊರಳಿಬಿಟ್ಟಿತು ನೋಡಿ. “ಗೋದಾಮಿನಾಗ ಅದರೀ,” ಎಂದುಬಿಟ್ಟ ಗುರುಶಾಂತ. “ಕೀಲಿ ಹುಡುಗನ ಕಡೆ ಅದ. ಸೋಮವಾರ ಬರ್ರಿ, ತೆಗದು ಇಟ್ಟಿರ್ತೀನಿ.”

ಪ್ರಯಾಗಬಾಯಿ ಕೈ ಎತ್ತಿ ಅವನ ತಲೆಯ ಮೇಲಿಟ್ಟಳು. “ನಿಮ್ಮ ಅಪ್ಪನ ಮಗ ಅದೀರಿ,” ಎಂದಳು. ಛೀ, ಅದಕ್ಕಿಂತ ಕೆನ್ನೆಗೆ ಬಾರಿಸಿದ್ದರೆ ತಡೆದುಕೊಳ್ಳುತ್ತಿದ್ದ.

ಅವರು ಹೋದ ಮೇಲೆ ವೈಭವನಿಗೆ ಎಲ್ಲ ಹೇಳಿದ. ವೈಭವನ ಮುಖ ಸಪ್ಪಗಾಯಿತು. “ಖರೇ ಹೇಳಿಬಿಡು ಅಪ್ಪಾ. ಕೈ ಮುಗದು ಹೇಳೋಣು. ನಾನೂ ಬರ್ತೀನಿ,” ಎಂದ. ಒಳ್ಳೆಯ ಮಾತು. ಆದರೆ ಗುರುಶಾಂತನಿಗೆ ಎಲ್ಲಿಂದಲೋ ಸಿಟ್ಟು ಬಂತು. “ನೀವು ನಕ್ಕಿದ್ದಕ್ಕೇ, ಆ ಟೆಂಪೊ ಬಾಗಿಲಾಗ ನಿಂತದ್ದಕ್ಕೇ ಆಗ್ಯದ ಇದೆಲ್ಲಾ!” ಎಂದು ಕೂಗಾಡಿದ. ಪ್ರಾಜಕ್ತಾ ಕಂಪ್ಯೂಟರಿನ ಮುಂದೆ ಅಳುತ್ತ ಕೂತಳು. ಆ ಹುಡುಗಿಯ ಅಳು ನೋಡಿದ ಮೇಲೆ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಈಗ ತಪ್ಪು ಒಂದಿದ್ದದ್ದು ಎರಡಾಯಿತು.

ಶನಿವಾರ ಮುಂಜಾನೆ ಮೊದಲ ಬಸ್ಸಿಗೆ ಉದಗೀರಕ್ಕೆ ಹೋದ. ಅಲ್ಲಿ ಮೋಡೀತದ ಸಗಟು ವ್ಯಾಪಾರಿ ಕಾಶೆಪ್ಪ ಅವನ ವಾರಿಗೆಯವನೇ, ಮಾತಿನ ಮಲ್ಲ. ಗುರುಶಾಂತ ಅಂಗಳದಲ್ಲಿ ಬಿದ್ದ ಚೀಲಗಳನ್ನು ಒಂದೊಂದೇ ಬಿಚ್ಚಿ ಕೈ ಹಾಕಿ ಹುಡುಕುವುದನ್ನು ನೋಡಿ ಅವನು ಬೆರಗಾದ.

“ಏನ್ ಹುಡುಕ್ತಿ ಮಾರಾಯಾ? ಬಂಗಾರ ಬಿದ್ದದೇನು ಅದರಾಗ?”

“ಒಂದು ತುಂಡು. ಹೆಸರಿನ ತುಂಡು.”

“ನಿನ್ನ ಚೀಲ ಬುಧವಾರನೇ ಭಟ್ಟಿಗೆ ಹ್ವಾದ್ವು,” ಎಂದ ಕಾಶೆಪ್ಪ. “ಈಗ ಅದು ತಂತಿ ಆಗ್ಯದೋ ಏನ್ ಆಗ್ಯದೋ. ಬೈಬ್ಯಾಡ, ಎಲ್ಲಿಂದ ತಂದು ಕೊಡ್ಲಿ?”

ಗುರುಶಾಂತ ಆ ಚೀಲಗಳ ನಡುವೆಯೇ ಕೂತ. ಹಸಿರು ಹಿಡಿದ ತಾಮ್ರದ ವಾಸನೆ ಕೈಗೆ ಮೆತ್ತಿತ್ತು. ಎಷ್ಟು ಹೆಸರು ಇದ್ದವು ಅಲ್ಲಿ! ಅರ್ಧ ಹರಿದವು, ನಡುವೆ ಮಡಚಿದವು, ಊರಿನ ಹೆಸರು ಉಳಿದು ಹೆಂಗಸಿನ ಹೆಸರು ಹೋದವು. ಇವುಗಳಲ್ಲಿ ಎಷ್ಟು ತನ್ನ ಸುತ್ತಿಗೆಯವು ಎಂದು ಲೆಕ್ಕ ಹಿಡಿಯಲು ಹೋಗಿ ಬಿಟ್ಟುಬಿಟ್ಟ. ಯಾವುದೂ ಸಾಸ್ತೂರಿನದಾಗಿರಲಿಲ್ಲ.

ಎದ್ದು ಹೊರಡುವಾಗ ಗೋಡೆಯ ಪಕ್ಕ ಒಂದು ಇಡೀ ಕೊಡ ಕಂಡಿತು. ಜಳಕೋಟದ ಕಡೆಯಿಂದ ಬಂದದ್ದು, ಇನ್ನೂ ಒಡೆದಿರಲಿಲ್ಲ. ಅದೇ ಅಳತೆ, ಅದೇ ಕಂಠ, ಅದೇ ಕಾಲದ ತಯಾರಿ. ಮೇಲೆ ಹೆಸರಿರಲಿಲ್ಲ.

ಆ ವಿಚಾರ ತಲೆಗೆ ಬಂದದ್ದಕ್ಕೆ ಅವನು ನಾಚಿದ ಎಂದು ಹೇಳಬಹುದಿತ್ತು. ನಾಚಲಿಲ್ಲ. ಜೀವ ಬಂದಂತಾಯಿತು. “ಇದನ್ನ ಕೊಡು ಕಾಶೆಪ್ಪಾ,” ಎಂದು ಕೇಳಿ, ಟವೆಲ್ಲಿನಲ್ಲಿ ಸುತ್ತಿ ಬಸ್ಸು ಹತ್ತಿದ.

ಭಾನುವಾರ ಊಟದ ಹೊತ್ತಿಗೆ ಮನೆಯ ಹಿತ್ತಿಲಿನಲ್ಲಿ ಕೂತ. ಕೊಡದ ಹೊಟ್ಟೆಗೆ ಕಟ್ಟಿಗೆಯ ಸುತ್ತಿಗೆಯಿಂದ ನೆಗ್ಗು ಹಾಕಿದ, ನೆನಪಿದ್ದಷ್ಟೇ ದೊಡ್ಡದು. ಆಮೇಲೆ ಉಳಿ ಹಿಡಿದ. ಹತ್ತು ವರ್ಷದಿಂದ ಹಿಡಿದಿರಲಿಲ್ಲ. ಮೊದಲ ಚುಕ್ಕೆ ಮೆಲ್ಲಗೆ ಹಾಕಿದ. ಎರಡನೆಯದು, ಮೂರನೆಯದು. ಕೈಗೆ ಹಳೆಯ ರೂಢಿ ಮರಳಿ ಬಂತು, ಅಕ್ಷರ ಹಳೆಯ ಹಾಗೆಯೇ ಸಾಲುಗೂಡಿದವು. ಮೂವತ್ತು ವರ್ಷದ ಹಿಂದೆ ಪಕ್ಕದಲ್ಲಿ ನಿಂತು ಅಕ್ಷರ ದೊಡ್ಡದು ಬರೀರಿ ಎಂದ ಹುಡುಗಿ ಹೇಗಿದ್ದಳು? ಎಷ್ಟು ನೆನೆದರೂ ಮುಖ ಬರಲಿಲ್ಲ. ದಿನಕ್ಕೆ ಐವತ್ತು ಹುಡುಗಿಯರು ನಿಲ್ಲುತ್ತಿದ್ದರು. ಮುಖ ನೆನಪಿರದವಳ ಹೆಸರನ್ನು ಎರಡನೇ ಸಲ ಕೊರೆಯುತ್ತಿದ್ದೇನೆ ಎಂದು ಅನ್ನಿಸಿದಾಗ ಕಣ್ಣು ಮಂಜಾಯಿತು.

ಅವನ ಹೆಂಡತಿ ಸುಮಂಗಲಾ ಭಾಲ್ಕಿ ಕಡೆಯವಳು, ಮಾತು ಕಡಿಮೆ. ಊಟಕ್ಕೆ ಕರೆಯಲು ಬಂದವಳು ಬಾಗಿಲಲ್ಲೇ ನಿಂತು ನೋಡಿದಳು. ಅವನು ಹೊಸ ಅಕ್ಷರಗಳಿಗೆ ಹುಣಸೆಹಣ್ಣು, ಬೂದಿ, ದೀಪದ ಕಾಡಿಗೆ ತಿಕ್ಕಿ ಹಳೆಯದು ಮಾಡುತ್ತಿದ್ದ.

“ಏನ್ರೀ, ಇದು ಆ ಮುದುಕಿ ಸಲುವಾಗೇನು, ನಿಮ್ಮ ಸಲುವಾಗಿ?”

“ಆಕಿ ಜೀವಕ್ಕ ಸಮಾಧಾನ ಆಗ್ತದ.”

“ಹಂಗಾದ್ರ ಖರೇ ಹೇಳಿ ಕೊಡ್ರಿ. ಒಡದೀನಿ, ಇದು ನನ್ನ ಕೈಯಿಂದ ಹೊಸದಾಗಿ ಬರ್ದೀನಿ ಅಂತ ಹೇಳ್ರಿ. ಆಗೂ ಸಮಾಧಾನ ಆದ್ರ ಆಗ್ಲಿ.”

ಅವನು ತಿಕ್ಕುವುದನ್ನು ನಿಲ್ಲಿಸಲಿಲ್ಲ. ಸುಮಂಗಲಾ ಒಳಗೆ ಹೋದಳು. ಊಟಕ್ಕೆ ಮತ್ತೆ ಕರೆಯಲಿಲ್ಲ.

ಸೋಮವಾರ ಹನ್ನೊಂದಕ್ಕೆ ಅವರು ಬಂದರು. ಸಾರಿಕಾ ಈ ಸಲ ಕಟ್ಟೆಯ ಕೆಳಗೇ ನಿಂತಳು, ಮೆಟ್ಟಿಲು ಹತ್ತುವ ಧೈರ್ಯವಾಗದೆ. ಐದು ದಿನದಲ್ಲಿ ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಗುರುಶಾಂತ ಮಗನನ್ನೂ ಸೊಸೆಯನ್ನೂ ಬ್ಯಾಂಕಿನ ನೆಪ ಹೇಳಿ ಮೊದಲೇ ಹೊರಗೆ ಕಳಿಸಿದ್ದ. ಸುಳ್ಳಿಗೆ ಸಾಕ್ಷಿ ಬೇಡ ನೋಡಿ.

ಕೊಡವನ್ನು ತಂದು ಪ್ರಯಾಗಬಾಯಿಯ ಮುಂದೆ ಇಟ್ಟ. “ತಗೋರಿ ಮಾವಶಿ.”

ಅವಳು ಕನ್ನಡಕ ತೆಗೆಯಲಿಲ್ಲ. ಎರಡೂ ಕೈಯಿಂದ ಕೊಡವನ್ನು ಸವರಿದಳು. ಕಂಠ ಸವರಿದಳು, ಭುಜ ಸವರಿದಳು, ಅಕ್ಷರಗಳ ಮೇಲೆ ಬೆರಳು ಓಡಿಸಿದಳು. ಓದು ಬಾರದಿದ್ದರೂ ಎಷ್ಟು ಅಕ್ಷರ, ಎಲ್ಲಿ ಬಾಗು, ಎಲ್ಲಿ ಚುಕ್ಕೆ ಎಂಬುದು ಅವಳ ಬೆರಳಿಗೆ ಬಾಯಿಪಾಠವಾಗಿತ್ತು. ಮುಖ ಅರಳಿತು. “ಸುಗಂಧಾ,” ಎಂದಳು. ಗುರುಶಾಂತನಿಗೆ ಉಸಿರು ಬಂತು. ಆಯಿತು, ಮುಗಿಯಿತು, ದೇವರು ದೊಡ್ಡವನು ಎಂದುಕೊಂಡ.

ಆಗ ಅವಳು ಎದ್ದು ಕೊಡವನ್ನು ಎತ್ತಿ ಟೊಂಕದ ಮೇಲೆ ಇಟ್ಟುಕೊಂಡಳು. ಹೆಂಗಸರು ನೀರು ತರುವಾಗ ಇಟ್ಟುಕೊಳ್ಳುತ್ತಾರಲ್ಲ, ಹಾಗೆ. ಒಂದು ಗಳಿಗೆ ನಿಂತಳು. ಕೊಡವನ್ನು ಜರಾ ತಿರುಗಿಸಿ ಮತ್ತೆ ಇಟ್ಟುಕೊಂಡಳು. ಇನ್ನೊಂದು ಮಗ್ಗುಲಿಗೆ ಬದಲಿಸಿ ನೋಡಿದಳು. ಆಮೇಲೆ ಬಹಳ ನಿಧಾನಕ್ಕೆ, ಮಲಗಿದ ಕೂಸನ್ನು ಇಳಿಸುವ ಹಾಗೆ, ನೆಲದ ಮೇಲೆ ಇಳಿಸಿದಳು.

“ಇದು ಕೂಡ್ತಾ ಇಲ್ಲ,” ಎಂದಳು.

ಗುರುಶಾಂತ ಕೊಡದ ನೆಗ್ಗಿನ ಕಡೆ ನೋಡಿದ.

“ನೆಗ್ಗು ಇಲ್ಲಿ ಬರ್ತಿತ್ತು,” ಎಂದು ಟೊಂಕದ ಎಲುಬಿನ ಮೇಲೆ ಕೈ ಇಟ್ಟು ತೋರಿಸಿದಳು. “ಇಪ್ಪತ್ತೆಂಟು ವರ್ಷ ಬರಾಬರ ಇಲ್ಲೇ ಕೂತದ. ಕಣ್ಣಿಗೆ ಆಪರೇಷನ್ ಆಗ್ಯದ ಸಾವಕಾರ್ರೆ, ಟೊಂಕಕ್ಕ ಆಗಿಲ್ಲ. ಇದು ಬ್ಯಾರೆಯವರ ಕೊಡ. ಹೆಸರು ಮಾತ್ರ ನಮ್ದು.”

ಬೀದಿಯಲ್ಲಿ ಒಂದು ಟ್ರ್ಯಾಕ್ಟರ್ ಹಾದುಹೋಯಿತು. ಅದರ ಸದ್ದು ಅಡಗುವವರೆಗೂ ಅವಳು ಕಾದಳು.

“ನಮ್ದು ಒಡದೀರಿ, ಹೌದಲ್ಲ?”

“ಹೌದ್ರಿ ಮಾವಶಿ.”

“ಯಾವತ್ತು?”

“ಅವತ್ತೇ. ನಿಮ್ಮ ಸ್ವಸಿ ಮೆಟ್ಟಿಲು ಇಳದು ಅರ್ಧಾ ತಾಸು ಆಗಿದ್ದಿಲ್ಲ.”

“ಹೆಸರು ನೋಡಿದ್ದಿಲ್ಲೇನು? ಒಮ್ಮೊಮ್ಮಿ ಹೊಲಸಿನಾಗ ಕಾಣಂಗಿಲ್ಲ.”

ಇದೊಂದು ಬಾಗಿಲು ಅವಳೇ ತೆರೆದಿಟ್ಟಿದ್ದಳು. ನೋಡಿದ್ದಿಲ್ಲ ಮಾವಶಿ ಎಂದರೆ ಸಾಕಿತ್ತು. ಒಬ್ಬ ವಯಸ್ಸಾದ ಅಂಗಡಿಯವನ ಕಣ್ಣಿನ ತಪ್ಪು, ಯಾರು ಬೇಕಾದರೂ ಕ್ಷಮಿಸುವಂಥದು. ಗುರುಶಾಂತ ಆ ಬಾಗಿಲನ್ನು ನೋಡಿದ. ಮೂರು ದಿನದಿಂದ ಸುಳ್ಳಿನ ಮೇಲೆ ಸುಳ್ಳು ಪೇರಿಸಿ ಅವನಿಗೆ ಸಾಕಾಗಿತ್ತು.

“ನೋಡಿದ್ದೆ,” ಎಂದ. “ಓದಿದ್ದೆ. ನನ್ನ ಕೈಯಿಂದಲೇ ಬರ್ದದ್ದು ಅಂತನೂ ಗೊತ್ತಾಗಿತ್ತು. ಇಡಬೇಕು ಅಂತ ಬಾಯಿಲೇ ಅಂದೆ. ನಾಕು ಮಂದಿ ನಕ್ರು. ಅದಕ್ಕ ಒಡದೆ.”

ಅಷ್ಟು ಸಣ್ಣ ಕಾರಣ ಅದು ಎಂಬುದು ಬಾಯಿಂದ ಹೊರಬಿದ್ದ ಮೇಲೆಯೇ ಅವನಿಗೂ ಪೂರ್ತಿ ಗೊತ್ತಾದದ್ದು. ಬೈಯಲಿ ಎಂದು ಕಾದ. ಶಾಪ ಹಾಕಲಿ, ಮಣ್ಣು ತೂರಲಿ, ಪೇಟೆಯವರನ್ನೆಲ್ಲ ಕೂಗಿ ಸೇರಿಸಲಿ. ಪ್ರಯಾಗಬಾಯಿ ಕರಿ ಕನ್ನಡಕದ ಹಿಂದೆ ಏನು ನೋಡುತ್ತಿದ್ದಳೋ ಕಾಣಲಿಲ್ಲ. ಸೆರಗಿನಿಂದ ಒಮ್ಮೆ ಮೂಗು ಒರೆಸಿಕೊಂಡಳು. ಬಾಗಿ ಆ ಕೊಡವನ್ನೇ ಮತ್ತೆ ಎತ್ತಿಕೊಂಡಳು.

“ಇದನ್ನ ನಾ ಒಯ್ತೀನಿ,” ಎಂದಳು.

“ಮಾವಶಿ, ಅದು...”

“ಸಾರಿಕಾ ಹಿಂಗೇ ಇದ್ರ ಉಳಿಯಂಗಿಲ್ಲ. ರಾತ್ರಿ ಎಲ್ಲಾ ಎದ್ದು ಕೂತು ಅಳ್ತಾಳ, ಸತ್ತಾಕಿನ್ನ ಮತ್ತ ಸಾಯಿಸಿದೆ ಅಂತಾಳ. ನನಗ ಇದ್ದಾಕಿ ಒಬ್ಬಾಕಿ ಬೇಕು.” ಕೊಡ ಅವಳ ಟೊಂಕದ ಮೇಲೆ ಸರಿಯಾಗಿ ಕೂರದೆ ಜಾರುತ್ತಿತ್ತು, ಎರಡೂ ಕೈಯಿಂದ ಅವುಚಿ ಹಿಡಿದುಕೊಂಡಳು. “ಆಕಿಗೆ ಗೊತ್ತಿದ್ದಿಲ್ಲ ಸಾವಕಾರ್ರೆ. ನಿಮಗ ಗೊತ್ತಿತ್ತು.”

ಮೆಟ್ಟಿಲ ಹತ್ತಿರ ಹೋಗಿ ದೊಡ್ಡ ಧ್ವನಿ ಮಾಡಿದಳು. ಅಷ್ಟು ಹಿಗ್ಗು ಅವಳಿಗೆ ಎಲ್ಲಿಂದ ಬಂತೋ! “ಸಾರಿಕಾ, ಬಾ ಇಲ್ಲಿ! ಸಿಕ್ತು ನೋಡವ್ವಾ, ನಮ್ದೇ ಅದ. ಜ್ವಾಪಾನ ಮಾಡಿ ಇಟ್ಟಿದ್ರು.”

ಸಾರಿಕಾ ಓಡಿ ಬಂದಳು. ಕೊಡದ ಮೇಲಿನ ಹೆಸರನ್ನು ಬಾಯಿಬಿಟ್ಟು ಓದಿದಳು, ಹಣೆ ಹಚ್ಚಿದಳು, ಅತ್ತೆಯನ್ನು ತಬ್ಬಿಕೊಂಡು ಗಳಗಳ ಅತ್ತಳು, ಅಳುತ್ತ ನಕ್ಕಳು. ಆಮೇಲೆ ಕಣ್ಣು ಒರೆಸಿಕೊಂಡು ಗುರುಶಾಂತನ ಕಡೆ ತಿರುಗಿದಳು. “ಕಾಕಾ, ನೀವು ಇದ್ದದ್ದಕ್ಕ ನನ್ನ ಮನಿ ಉಳೀತು,” ಎಂದು ಸೆರಗು ಹೊದ್ದು ಅವನ ಕಾಲಿಗೆ ಬಗ್ಗಿದಳು.

ಗುರುಶಾಂತ ಬೆಂಕಿ ತಗುಲಿದಂತೆ ಕಾಲು ಹಿಂದಕ್ಕೆ ಎಳೆದುಕೊಂಡ.

“ನಮಸ್ಕಾರ ಮಾಡಸ್ಕೋರಿ ಸಾವಕಾರ್ರೆ,” ಎಂದಳು ಪ್ರಯಾಗಬಾಯಿ.

ಗುರುಶಾಂತ ಕಾಲು ಮುಂದಕ್ಕೆ ಇಟ್ಟು ನಿಂತ.